ಹತ್ತು ಸಾವಿರ ಕಟ್ತೀವಿ, ಬೀಡಿಂಗ್ ಎಲ್ಲಿ ಸಿಗ್ತದ?

ನನ್ನ ಮಾರುತಿ 800ಕ್ಕೆ 2027ರಲ್ಲಿ ಇಪ್ಪತ್ತು ತುಂಬುತ್ತದೆ. ಆಗ ನೋಂದಣಿ ನವೀಕರಣಕ್ಕೆ 10,000 ರೂಪಾಯಿ ಕಟ್ಟಬೇಕು. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಹೊರಡಿಸಿದ ತಿದ್ದುಪಡಿಯ ಲೆಕ್ಕ ಅದು: ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000. ಹದಿನೈದು ತುಂಬಿದಾಗ, 2022ರಲ್ಲಿ, 5,000 ಕಟ್ಟಿದ್ದೆ. ಆ ವರ್ಷದ ಏಪ್ರಿಲ್ 1ಕ್ಕಿಂತ ಮೊದಲಾಗಿದ್ದರೆ ಅದೇ ಕೆಲಸ 600 ರೂಪಾಯಿಗೆ ಮುಗಿಯುತ್ತಿತ್ತು. ಕಾರು ಹಳೆಯದಾದಷ್ಟೂ ಶುಲ್ಕ ಏರುತ್ತದೆ. ಇರಲಿ, ಕಟ್ಟೋಣ. ಕಟ್ಟಿದ ಮೇಲೆ ಆ ಕಾರಿನ ಬಾಗಿಲಿಗೆ ಸುತ್ತುವ ರಬ್ಬರು, ಗ್ಯಾರೇಜಿನವರು ಬೀಡಿಂಗ್ ಅನ್ನುತ್ತಾರಲ್ಲ ಅದು, ಎಲ್ಲಿ ಸಿಗಬೇಕು ಎಂಬುದಕ್ಕೆ ಮಾತ್ರ ಯಾವ ಅಧಿಸೂಚನೆಯಲ್ಲೂ ಉತ್ತರವಿಲ್ಲ. ನನ್ನ ತಕರಾರು ಇಷ್ಟೇ.

ಹುಲಸೂರಿನಲ್ಲಿ ನನ್ನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ವಾಶರ್, ಗ್ಯಾಸ್ಕೆಟ್, ಫುಟ್‌ವಾಲ್ವಿನ ರಬ್ಬರು ಮಾರುತ್ತಲೇ ತಲೆ ನೆರೆತಿದೆ. ಬಾವಿಯ ಮೋಟರು ನೀರು ಎತ್ತುತ್ತಿಲ್ಲ ಅಂದರೆ ರೈತ ವೈಂಡಿಂಗ್ ಹೋಗಿದೆ ಅಂತಲೇ ಗಾಬರಿಯಾಗಿ ಬರುತ್ತಾನೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ಸತ್ತಿರುವುದು ಅಂಗೈಯಗಲದ ರಬ್ಬರು. ಕಾರಿನಲ್ಲೂ ಇದೇ ಹಣೆಬರಹ. ಎಂಜಿನ್ನಿಗೆ ವರ್ಷಕ್ಕೊಮ್ಮೆ ಆಯಿಲ್, ಸೀಟಿಗೆ ಹೊಸ ಕವರು, ಹಿಂದೆ ಎರಡು ಸ್ಪೀಕರು, ಮುಂದೆ ದೇವರು. ಬಾಗಿಲ ಸುತ್ತ ಕಲ್ಲಾಗಿ ಸೀಳಿದ ರಬ್ಬರಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ನಮ್ಮ ಭಾಗದ ಕಾರುಗಳು ಬಹುಪಾಲು ಸೆಕೆಂಡ್ ಹ್ಯಾಂಡ್. ಬೀದರಿನ ಕೆಎ 38, ಭಾಲ್ಕಿಯ ಕೆಎ 39, ಬಸವಕಲ್ಯಾಣದ ಕೆಎ 56ರ ನಡುವೆ ಲಾತೂರಿನ ಎಂಎಚ್ 24 ಓಡಾಡುತ್ತಿರುತ್ತದೆ; ಹೈದರಾಬಾದಿನಲ್ಲಿ ಹತ್ತು ವರ್ಷ ತಿರುಗಿ ಇಲ್ಲಿಗೆ ಬಂದದ್ದೂ ಇರುತ್ತದೆ. ಪಟ್ಟಣದ ಗೃಹಸ್ಥ ಮಾರಿದ ಕಾರು ಹುಮನಾಬಾದಿನ ಮೇಷ್ಟ್ರಿಗೋ ಹುಲಸೂರಿನ ಕಿರಾಣಿಯವನಿಗೋ ಬರುವ ಹೊತ್ತಿಗೆ ಅದರ ರಬ್ಬರಿಗೆ ಆಯುಷ್ಯ ತೀರಿರುತ್ತದೆ. ಮಾರುವವನು ಪಾಲಿಶ್ ಹೊಡೆಸಿ ಕೊಡುತ್ತಾನೆ, ಬೀಡಿಂಗ್ ಹಾಕಿಸಿ ಕೊಟ್ಟವನನ್ನು ನಾನಂತೂ ಕಂಡಿಲ್ಲ. ಕೊಳ್ಳುವವನಾದರೂ ನೋಡುತ್ತಾನೆಯೇ? ಬಾನೆಟ್ ಎತ್ತಿ ಎಂಜಿನ್ನಿನ ಶಬ್ದ ಕೇಳುತ್ತಾನೆ, ಟೈರಿಗೆ ಒದೆಯುತ್ತಾನೆ, ಎಸಿ ಹಚ್ಚಿ ಮುಖ ಒಡ್ಡುತ್ತಾನೆ. ಬಾಗಿಲು ತೆರೆದು ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದಿಲ್ಲ. ಒತ್ತಿದ ಕೂಡಲೇ ಪುಟಿದು ಎದ್ದರೆ ಅದಕ್ಕೆ ಜೀವವಿದೆ, ಒತ್ತಿದ್ದು ಒತ್ತಿದ ಹಾಗೇ ಉಳಿದರೆ ಅದರ ಕೆಲಸ ಮುಗಿದಿದೆ.

ಇಲ್ಲಿಯ ಬಿಸಿಲಿಗೆ ರಬ್ಬರು ಬೇಗ ಸಾಯುತ್ತದೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರು. ಗಾಜು ಏರಿಸಿ ಬಯಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಅರವತ್ತು. ಈಗಿನ ಕಾರುಗಳ ಬೀಡಿಂಗ್ ಇಪಿಡಿಎಂ ಎಂಬ ಕೃತಕ ರಬ್ಬರಿನದು. ಬಿಸಿಲು, ಓಜೋನ್ ತಡೆಯಲೆಂದೇ ಇದನ್ನು ಆರಿಸಿದ್ದಾರೆ, ಹಳೆಯ ನೈಸರ್ಗಿಕ ರಬ್ಬರಿಗಿಂತ ಎಷ್ಟೋ ಪಾಲು ಗಟ್ಟಿ. ಆದರೂ ಒಳಗೆ ಟೊಳ್ಳಾದ ಆ ಕೊಳವೆ ವರ್ಷಗಟ್ಟಲೆ ಬಾಗಿಲ ಒತ್ತಡದಲ್ಲಿ ಚಪ್ಪಟೆಯಾಗಿ ಮತ್ತೆ ಉಬ್ಬುವುದನ್ನು ಮರೆಯುತ್ತದೆ. ಅಲ್ಲಿಂದ ದೂಳಿಗೆ ದಾರಿ ತೆರೆಯಿತು. ಬೀದರಿನ ಕಡೆಯ ಜಂಬಿಟ್ಟಿಗೆಯ ಕೆಂಪು ದೂಳು, ಮಾಂಜ್ರಾ ದಂಡೆಯ ಕರಿ ದೂಳು ಎರಡೂ ನಮ್ಮ ಡ್ಯಾಷ್‌ಬೋರ್ಡಿನ ಮೇಲೆ ಸಮ ಪಾಲು. ಸೋಯಾ ರಾಶಿಯ ದಿನಗಳಲ್ಲಿ ರಸ್ತೆ ಬದಿಯ ಹೊಟ್ಟು, ಚಳಿಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದಿನ ದೂಳು. ಎಸಿ ಹಚ್ಚಿ ಗಾಜು ಏರಿಸಿಕೊಂಡು ಕೂತರೂ ಭಾಲ್ಕಿ ಮುಟ್ಟುವಷ್ಟರಲ್ಲಿ ಬಿಳಿ ಅಂಗಿಯ ಕೊರಳಪಟ್ಟಿ ಬಣ್ಣ ತಿರುಗಿರುತ್ತದೆ.

ಮಳೆಗಾಲದ ಪಾಡು ಇದಕ್ಕಿಂತ ಕೆಟ್ಟದ್ದು, ಆದರೆ ಅಲ್ಲಿ ಎಲ್ಲ ತಪ್ಪೂ ಬೀಡಿಂಗಿನದಲ್ಲ. ಇದನ್ನು ನನಗೆ ತೋರಿಸಿಕೊಟ್ಟವರು ಬಸವಕಲ್ಯಾಣದ ಒಬ್ಬ ಚಾಚಾ. ಸಸ್ತಾಪುರ ಬಂಗ್ಲಾದ ಕಡೆ ಹೆದ್ದಾರಿಯ ಲಾರಿಗಳ ಕೆಲಸ ಮಾಡುವ ಗ್ಯಾರೇಜುಗಳ ನಡುವೆ ಅವರದೊಂದು ಸಣ್ಣ ಶೆಡ್ಡು. ಡೆಂಟಿಂಗ್ ಅವರ ಕಸುಬು, ಗಾಜು-ಬೀಡಿಂಗು ಅವರ ಹುಚ್ಚು. ಡ್ರೈವರ್ ಕಡೆಯ ಮ್ಯಾಟಿನ ಕೆಳಗೆ ನೀರು ನಿಲ್ಲುತ್ತದೆ, ಬೀಡಿಂಗ್ ಬದಲಿಸಿ ಅಂದೆ. ಅವರು ಬಾಗಿಲು ಮುಟ್ಟಿ ನೋಡಿ ನಕ್ಕರು. "ಸಾವ್ಕಾರ್ರ, ಬೀಡಿಂಗ್ ಹೋಗ್ಯದ, ಖರೆ. ಆದ್ರ ಈ ನೀರು ಅದರಿಂದ ಬರ್ಲತಿಲ್ಲ. ಮೊದಲ ಪ್ಯಾಡ್ ಬಿಚ್ಚಮ್ರಿ."

ಡೋರ್ ಪ್ಯಾಡ್ ಬಿಚ್ಚಿದರು. ಅದರ ಹಿಂದೆ ಬಾಗಿಲ ತಗಡಿಗೆ ಅಂಟಿಸಿದ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗಾಜಿನ ಮೇಲೆ ಬಿದ್ದ ಮಳೆ ಎಷ್ಟೇ ಆದರೂ ಸ್ವಲ್ಪ ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಕಂಪನಿಯವರಿಗೂ ಅದು ಗೊತ್ತು. ಅದಕ್ಕೇ ಬಾಗಿಲ ತಳದಲ್ಲಿ ತೂತು ಬಿಟ್ಟಿರುತ್ತಾರೆ, ನೀರು ಒಳಗಿನ ಕಡೆ ಬರದ ಹಾಗೆ ಈ ಹಾಳೆ ಅಂಟಿಸಿರುತ್ತಾರೆ. ನನ್ನ ಕಾರಿನಲ್ಲಿ ಹಾಳೆ ಅರ್ಧ ಹರಿದು ಜೋಲುತ್ತಿತ್ತು. ಸ್ಪೀಕರ್ ಕೂರಿಸಿದವನೋ ಗಾಜಿನ ಮಷೀನ್ ಬದಲಿಸಿದವನೋ ಕಿತ್ತವನು ಮತ್ತೆ ಅಂಟಿಸುವ ಗೋಜಿಗೆ ಹೋಗಿರಲಿಲ್ಲ. ಇನ್ನು ತಳದ ತೂತು. ಚಾಚಾ ಸೈಕಲ್ ಸ್ಪೋಕು ತೂರಿಸಿ ತಿರುವಿದಾಗ ಹೆಪ್ಪುಗಟ್ಟಿದ ಕರಿ ಮಣ್ಣು ಬೆರಳುದ್ದ ಹೊರಬಂತು, ಅದರ ಹಿಂದೆಯೇ ಯಾವ ಮಳೆಯದೋ ನೀರು. ಬಾಗಿಲು ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ. ದುಡ್ಡು ಕೊಟ್ಟು ಬೀಡಿಂಗ್ ಹಾಕಿಸಿ, ನೀರು ನಿಲ್ಲಲಿಲ್ಲ ಅಂತ ಗ್ಯಾರೇಜಿನವನ ಜೊತೆ ಜಗಳವಾಡುವ ಅರ್ಧ ಮಂದಿಯ ಕಾರಿನಲ್ಲಿ ಹರಿದಿರುವುದು ಈ ಹಾಳೆಯೇ ಎಂದು ಚಾಚಾ ಹೇಳಿದರು. ನಂಬುತ್ತೇನೆ.

ಬೀಡಿಂಗ್ ಎಲ್ಲಿ ಸೋತಿದೆ ಎಂದು ಹುಡುಕಲು ಅವರ ಉಪಾಯ ಸರಳ. ಹಳೆಯ ಪೇಪರನ್ನು ಎರಡು ಬೆರಳಗಲ ಹರಿದು, ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿ ಎಳೆಯುವುದು. ಬಿಗಿಯಾಗಿ, ತಡೆದು ತಡೆದು ಬಂದರೆ ಅಲ್ಲಿ ರಬ್ಬರು ಹಿಡಿಯುತ್ತಿದೆ. ಸಲೀಸಾಗಿ ಜಾರಿದರೆ ಇಲ್ಲ. ಬಾಗಿಲ ಸುತ್ತ ಗೇಣಿಗೊಂದು ಕಡೆ ನೋಡುತ್ತ ಹೋದರೆ ನಕ್ಷೆ ಸಿಗುತ್ತದೆ. ನನ್ನ ಕಾರಿನಲ್ಲಿ ಕನ್ನಡಿಯ ಹಿಂದಿನ ಮೂಲೆಯಲ್ಲೂ, ಹತ್ತಿ ಇಳಿಯುವಾಗ ಕಾಲು ಉಜ್ಜುವ ಹೊಸ್ತಿಲಲ್ಲೂ ಕಾಗದ ಸುಮ್ಮನೆ ಕೈಗೆ ಬಂತು.

ಹಾಕುವ ಕೆಲಸವನ್ನು ನಿಂತು ನೋಡಿದೆ. ಹಳೆಯದನ್ನು ಎಳೆದಾಗ ಒಳಗಿನ ಉಕ್ಕಿನ ಕ್ಲಿಪ್ಪುಗಳು ಕಂದು ಪುಡಿಯಾಗಿ ಉದುರಿದವು. ತಗಡಿನ ಅಂಚನ್ನು ಪಾಲಿಶ್ ಕಾಗದದಿಂದ ಉಜ್ಜಿ, ತುಕ್ಕು ಕಂಡಲ್ಲಿ ರೆಡ್ ಆಕ್ಸೈಡ್ ಹಚ್ಚಿ, ಅದು ಒಣಗುವ ತನಕ ಚಾಚಾ ಇನ್ನೊಂದು ಜೀಪಿನ ಕೆಳಗೆ ಮಲಗಿ ಬಂದರು. ಆ ಮೇಲೆ ಹೊಸ ಬೀಡಿಂಗಿನ ಒಂದು ತುದಿಯನ್ನು ಹೊಸ್ತಿಲ ಮಧ್ಯದಲ್ಲಿಟ್ಟು ಶುರು. ಜೋಡು ಯಾವಾಗಲೂ ಕೆಳಗೇ ಬರಬೇಕು. ಮೇಲೆ ಬಂದರೆ ಮೊದಲ ಮಳೆ ಅಲ್ಲೇ ಇಳಿಯುತ್ತದೆ. ನೇರ ಇದ್ದ ಕಡೆ ಅಂಗೈಯಿಂದ ಗುದ್ದುತ್ತ ಹೋದರು. ಮೂಲೆ ಬಂದಾಗ ಕೈ ನಿಧಾನವಾಯಿತು. ಅಲ್ಲಿ ರಬ್ಬರನ್ನು ಎಳೆಯಬಾರದು, ಒಳಗೆ ತುಂಬಬೇಕು. ಎಳೆದು ಕೂರಿಸಿದ ಮೂಲೆ ಅವತ್ತು ಚೆಂದ ಕಾಣುತ್ತದೆ, ನಾಲ್ಕು ದಿನದ ಬಿಸಿಲಿಗೆ ಕುಗ್ಗಿ ತಗಡು ಬಿಟ್ಟು ಏಳುತ್ತದೆ. ಸುತ್ತಿ ಬಂದು ಎರಡು ತುದಿ ಕೂಡುವಲ್ಲಿ ಚೂರು ಉದ್ದ ಉಳಿಸಿ ಕತ್ತರಿಸಿ, ಎದುರೆದುರು ಒತ್ತಿ ಕೂರಿಸಿದರು. ಸಮ ಅಳತೆಗೆ ಕತ್ತರಿಸುವವನು ಹೊಸಬ ಎಂದು ಅವರ ಅಭಿಪ್ರಾಯ.

ಬಾಗಿಲು ಹಾಕಿದೆ. ಕೂರಲಿಲ್ಲ, ಪುಟಿದು ಬಂತು. ಎಲ್ಲರೂ ಗಾಬರಿಯಾಗುವುದು ಇಲ್ಲೇ, ಅವಸರದ ಮೆಕ್ಯಾನಿಕ್ ಲಾಕಿನ ಸ್ಕ್ರೂ ಸಡಿಲಿಸಿ ಹೊರಗೆ ಸರಿಸುವುದೂ ಇಲ್ಲೇ. ಹಾಗೆ ಸರಿಸಿದರೆ ಅವತ್ತಿಗೆ ಬಾಗಿಲು ಸಲೀಸು. ರಬ್ಬರು ಕೂತ ಮೇಲೆ ಗಡಗಡ. ಹೊಸ ಬೀಡಿಂಗಿಗೆ ಕೆಲವು ವಾರ ಬೇಕು. ಅಲ್ಲಿಯ ತನಕ ಒಂದು ಗಾಜು ಬೆರಳಷ್ಟು ಇಳಿಸಿ ಬಾಗಿಲು ಹಾಕಿದರೆ ಒಳಗಿನ ಗಾಳಿಗೆ ಹೋಗಲು ಜಾಗ ಸಿಗುತ್ತದೆ, ಬಾಗಿಲು ಮಾತು ಕೇಳುತ್ತದೆ. ನಾಲ್ಕೂ ಬಾಗಿಲಿಗೆ ಸಾಮಾನು, ಮಜೂರಿ ಎಲ್ಲ ಸೇರಿ ಒಂದು ಜೊತೆ ಹೊಸ ಟೈರಿನ ಅರ್ಧ ಬೆಲೆಯೂ ಆಗಲಿಲ್ಲ. ಎಸಿಗೆ ಗ್ಯಾಸ್ ತುಂಬಿಸಿ ತುಂಬಿಸಿ ಸುರಿದದ್ದನ್ನು ನೆನೆದರೆ ನಗು ಬರುತ್ತದೆ.

ಗಾಜಿನ ಚಾನಲ್ಲಿನ ಬಗ್ಗೆಯೂ ಎರಡು ಮಾತು. ಗಾಜು ಏರಿಳಿಯುವ ಯು ಆಕಾರದ ಆ ಪಟ್ಟಿಯ ಒಳಮೈಗೆ ಮೆತ್ತನೆಯ ನಯ ಇರುತ್ತದೆ. ನಯ ಸವೆದು ಅಲ್ಲಿ ಮರಳು ಕೂತರೆ ಗಾಜಿನ ಮೇಲೆ ಉದ್ದುದ್ದ ಗೀರು, ಹಿಡಿಕೆ ತಿರುವಲು ಎರಡು ಕೈ. ಜನ ಮಷೀನ್ ಹೋಗಿದೆ ಅಂತ ಮಷೀನ್ ಬದಲಿಸುತ್ತಾರೆ. ಹೊಸ ಮಷೀನಿನ ಹಲ್ಲೂ ಅದೇ ಚಾನಲ್ಲಿನ ಬಿಗಿಗೆ ಮುರಿಯುತ್ತದೆ. ಬ್ರಷ್ಷಿನಿಂದ ಮಣ್ಣು ತೆಗೆದು ಸಿಲಿಕೋನ್ ಸ್ಪ್ರೇ ಹೊಡೆದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಸಿಲಿಕೋನ್ ಎಂದೆ, ಡೀಸೆಲ್ ಅಲ್ಲ. ನಮ್ಮ ಕಡೆ ವಾಟರ್ ಸರ್ವಿಸಿಂಗ್ ಮಾಡುವಲ್ಲಿ ಕಾರಿಗೆ ಡೀಸೆಲ್ ಹೊಡೆದು ಕೊಡುವುದು ಒಂದು ಮರ್ಯಾದೆ. ಬಟ್ಟೆ ಅದ್ದಿ ಬೀಡಿಂಗಿಗೂ ಒರೆಸುತ್ತಾರೆ, ಕಪ್ಪಗೆ ಮಿರಮಿರ ಮಿಂಚುತ್ತದೆ, ಮಾಲೀಕ ಖುಷಿ. ಇಪಿಡಿಎಂ ಬಿಸಿಲಿಗೆ, ನೀರಿಗೆ ಜಗ್ಗುವುದಿಲ್ಲ. ಪೆಟ್ರೋಲು, ಡೀಸೆಲ್, ಗ್ರೀಸಿಗೆ ಮಾತ್ರ ಉಬ್ಬಿ ಮೆತ್ತಗಾಗಿ ಸಾಯುತ್ತದೆ. ಪಂಪಿನ ವಾಶರಿನಲ್ಲೂ ಇದನ್ನು ನಾನು ದಿನಾ ಹೇಳುವವನೇ. ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ನಗುವ ವಿಷಯವಲ್ಲದ್ದೂ ಒಂದಿದೆ. ಹಿಂದಿನ ಡಿಕ್ಕಿ ಬಾಗಿಲಿನ ರಬ್ಬರು. ಓಡುವ ವಾಹನದ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರಿನ ಹೊಗೆ ಅಲ್ಲೇ ಸುಳಿಯುತ್ತದೆ. ಹಿಂಬಾಗಿಲ ರಬ್ಬರು ಸೋತಿದ್ದರೆ ಆ ಹೊಗೆ ಒಳಕ್ಕೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಳೆಯ ವ್ಯಾನುಗಳಲ್ಲಿ ಹಿಂದಿನ ಸೀಟಿಗೆ ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ನೋಡುತ್ತಲೇ ಇರುತ್ತೇವೆ. ಮಗುವಿಗೆ ತಲೆನೋವು, ವಾಂತಿ ಅಂದರೆ "ಗಾಡಿ ಆಗಿ ಬರಲ್ಲ" ಅಂತ ನಿಂಬೆಹಣ್ಣು ಕೊಡುತ್ತೇವೆ. ಹಿಂಬಾಗಿಲ ಸಂದಿಯಲ್ಲಿ ಒಂದು ಕಾಗದ ಇಟ್ಟು ಎಳೆದು ನೋಡಲಿ. ಫಿಟ್‌ನೆಸ್ಸಿಗೆ ಹೋದಾಗ ಬ್ರೇಕು, ಲೈಟು, ಹೊಗೆ ಎಲ್ಲ ನೋಡುವವರು ಈ ರಬ್ಬರನ್ನೂ ಒಮ್ಮೆ ಮುಟ್ಟಿ ನೋಡಿದರೆ ಒಂದು ನಿಮಿಷವೂ ಹೆಚ್ಚಾಗದು.

ನನ್ನ ಕಾರಿಗೆ ಸಾಮಾನು ಸಿಕ್ಕಿತು, ಸಿಗಲೇಬೇಕು. 1983ರ ಡಿಸೆಂಬರಿನಿಂದ 2014ರ ಜನವರಿಯ ತನಕ ತಯಾರಾದ ಕಾರು, ದೇಶದೊಳಗೇ 25 ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿದೆ. ಅಷ್ಟು ಗಿರಾಕಿ ಇದ್ದಲ್ಲಿ ಲೋಕಲ್ ಬೀಡಿಂಗ್ ಮಾಡುವವರೂ ಇರುತ್ತಾರೆ. ಪಾಡು ಪಟ್ಟವನು ನನ್ನ ಹೆಂಡತಿಯ ತಮ್ಮ. ಅವನದು ತಯಾರಿಕೆ ನಿಂತುಹೋದ ಒಂದು ಕಾರು, ಹೆಸರು ಬೇಡ. ಎಂಜಿನ್ನಿನ ಸಾಮಾನು ತರಿಸಿಕೊಡುತ್ತಾರೆ, ಕ್ಲಚ್ ಸಿಗುತ್ತದೆ, ಬೀಡಿಂಗ್ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಬೀದರಿನಲ್ಲಿ ಇಲ್ಲ. ಸಿಕಂದರಾಬಾದಿನ ರಾಣಿಗಂಜಿನಲ್ಲಿ ಅಂಗಡಿ ಅಂಗಡಿ ಸುತ್ತಿ, ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಹಚ್ಚಿ, ಕೊನೆಗೆ ಮೀಟರ್ ಲೆಕ್ಕದಲ್ಲಿ ಮಾರುವ ಯೂನಿವರ್ಸಲ್ ಬೀಡಿಂಗ್ ತಂದ. ಎಲ್ಲ ಕಾರಿಗೂ ಆಗುತ್ತದೆ ಅನ್ನುವ ಸಾಮಾನು ಯಾವ ಕಾರಿಗೂ ಸರಿಯಾಗಿ ಆಗುವುದಿಲ್ಲ. ಕೊಳವೆ ದಪ್ಪವಾದರೆ ಬಾಗಿಲು ಹತ್ತದು, ಸಣ್ಣದಾದರೆ ಗಾಳಿ ನಿಲ್ಲದು. "ಮಾಮಾ, ಅರವತ್ತು ದಾಟಿದ್ರ ಸಿಳ್ಳೆ ಹೊಡಿಲತದ" ಅಂತ ಮೊನ್ನೆಯೂ ಹೇಳಿದ.

ಇಂಥ ಕಾರುಗಳು ದೇಶದಲ್ಲಿ ಕಡಿಮೆಯೇನಿಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಷೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಕಂಪನಿ ಬರುವುದು ಹೋಗುವುದು ವ್ಯಾಪಾರ, ಅದರ ಮೇಲೆ ನನಗೆ ಸಿಟ್ಟಿಲ್ಲ. ಸರ್ಕಾರದ ಲೆಕ್ಕಾಚಾರ ಮಾತ್ರ ಅರ್ಥವಾಗುವುದಿಲ್ಲ. 2021ರ ಆಗಸ್ಟಿನಲ್ಲಿ ಗುಜರಿ ನೀತಿ ಜಾರಿಗೆ ಬಂತು: ಹಳೆಯದನ್ನು ಒಡೆಯಲು ಕೊಡಿ, ಹೊಸದರ ತೆರಿಗೆಯಲ್ಲಿ ರಿಯಾಯಿತಿ ಪಡೆಯಿರಿ. ಅದೇ ವರ್ಷ ಇನ್ನೊಂದು ನಿಯಮ: ಐವತ್ತು ವರ್ಷ ದಾಟಿದ ಕಾರು ವಿಂಟೇಜ್, ಅದಕ್ಕೆ ವಿಎ ಎಂಬ ಅಕ್ಷರವಿರುವ ಬೇರೆ ನಂಬರು, ಗೌರವ. ಅಂದರೆ ಇಪ್ಪತ್ತಕ್ಕೆ ಭಾರ, ಐವತ್ತಕ್ಕೆ ಪರಂಪರೆ. ನಡುವಿನ ಮೂವತ್ತು ವರ್ಷ ಕಾರು ಏನನ್ನು ಹಾಕಿಕೊಂಡು ಬದುಕಬೇಕು?

ಹಳೆಯ ಕಾರು ಹೊಗೆ ಉಗುಳುತ್ತದೆ, ಅದರಲ್ಲಿ ಏರ್‌ಬ್ಯಾಗ್ ಇಲ್ಲ ಎನ್ನುವವರಿದ್ದಾರೆ. ಹೊಗೆ ಅಳೆಯುವ ಯಂತ್ರ ಇದೆಯಲ್ಲ, ಅಳೆಯಿರಿ. ಫೇಲಾದದ್ದನ್ನು ರಸ್ತೆಯಿಂದ ತೆಗೆಯಿರಿ, ನಾನೇ ತಳ್ಳಿಕೊಡುತ್ತೇನೆ. ಏರ್‌ಬ್ಯಾಗಿನ ಮಾತು ನಿಜ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಹುಲಸೂರಿನ ನಮ್ಮಂಥವರು ಹಳೆಯ ಕಾರು ಬಿಟ್ಟರೆ ಹೊಸ ಕಾರು ಕೊಳ್ಳುವುದಿಲ್ಲ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೈಕಿನಲ್ಲಿ ಹೋಗುತ್ತೇವೆ. ಬೈಕಿನಲ್ಲಿ ಎಷ್ಟು ಏರ್‌ಬ್ಯಾಗ್ ಇವೆ?

ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಸಾಮಾನಿನ ಜೊತೆ ವಾಹನವನ್ನೂ ಅದರಲ್ಲಿ ಸೇರಿಸಿದ್ದಾರೆ. ಮೊಬೈಲು, ಎಲೆಕ್ಟ್ರಾನಿಕ್ ಸಾಮಾನು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ಬಗ್ಗೆ ಸಮಿತಿಯೊಂದು 2025ರಲ್ಲಿ ವರದಿಯನ್ನೂ ಕೊಟ್ಟಿದೆ. ಕಾರಿನ ಸರದಿ ಬಂದಾಗ ಎರಡು ಸಾಲು ಸೇರಿಸಲಿ. ಕಾರು ಮಾರುವಾಗಲೇ ಅದರ ರಬ್ಬರು, ಗಾಜು, ಚಾನಲ್ಲು ಎಷ್ಟು ವರ್ಷ ಸಿಗುತ್ತವೆ ಎಂದು ಬರೆದು ಕೊಡಬೇಕು. ಆ ಅವಧಿ ಮುಗಿದ ಮೇಲೆ, ಅಥವಾ ಕಂಪನಿ ಅಂಗಡಿ ಮುಚ್ಚುವಾಗ, ಬೀಡಿಂಗಿನ ಅಳತೆಯ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಡಬೇಕು.

ಇದು ಆಗದ ಮಾತೇನಲ್ಲ. ಬೀಡಿಂಗ್ ತಯಾರಾಗುವುದು ಶಾವಿಗೆ ಒತ್ತಿದ ಹಾಗೆ, ಉಕ್ಕಿನ ಅಚ್ಚಿನ ತೂತಿನಲ್ಲಿ ರಬ್ಬರು ಒತ್ತಿ. ತೂತಿನ ಆಕಾರ ಗೊತ್ತಿದ್ದರೆ ಸಣ್ಣ ಕಾರ್ಖಾನೆಯವನೂ ಮಾಡಬಲ್ಲ. ನನ್ನ ಅಂಗಡಿಗೆ ವಾಶರ್ ಕಳಿಸುವ ವ್ಯಾಪಾರಿಗೆ ಹೆಂಡತಿಯ ತಮ್ಮನ ಕಾರಿನ ಹಳೆಯ ಬೀಡಿಂಗಿನ ತುಂಡೊಂದನ್ನು ಕೊಟ್ಟು ಕೇಳಿದೆ. ಚಪ್ಪಟೆಯಾದ ತುಂಡು ನೋಡಿ ಮೂಲ ಅಳತೆ ಹೇಳಲಾಗದು, ನಕ್ಷೆ ತಂದುಕೊಡಿ, ಅಚ್ಚು ಕಡೆಸುತ್ತೇನೆ ಎಂದ. ಐನೂರು ಮೀಟರಿಗೆ ಕಡಿಮೆ ಆರ್ಡರ್ ಹಿಡಿಯುವುದಿಲ್ಲ ಎಂದೂ ಸೇರಿಸಿದ. ಐನೂರು ಮೀಟರ್ ಬೇಕೆನ್ನುವಷ್ಟು ಜನರನ್ನು ಬೀದರ್, ಲಾತೂರ್, ಜಹೀರಾಬಾದಿನ ಗ್ಯಾರೇಜುಗಳಲ್ಲಿ ಕೇಳಿ ಕೂಡಿಸುವುದು ಹೆಂಡತಿಯ ತಮ್ಮನ ಕೆಲಸ, ಮಾಡುತ್ತೇನೆ ಅನ್ನುತ್ತಾನೆ. ನಕ್ಷೆ ಕಂಪನಿಯ ಬೀರುವಿನಲ್ಲಿದೆ.